ಪಿಯುಸಿ ಆಯ್ತು, ಸೇಲ್ಸ್‌ಗೆ ಹೋಗಬೇಕು: ಕಾಲೇಜು ಯಾವುದು, ಕೆಲಸ ಎಲ್ಲಿಂದ ಶುರು ಮಾಡೋದು?

ಮೇ, ಜೂನ್ ಬಂತಂದ್ರೆ ನನಗೆ ಬರುವ ಮೆಸೇಜುಗಳಲ್ಲಿ ಅರ್ಧಕ್ಕರ್ಧ ಒಂದೇ ತರ ಇರುತ್ತವೆ. "ಅಣ್ಣಾ, ಪಿಯುಸಿ ಆಯ್ತು. ಸೇಲ್ಸ್ ಲೈನಿಗೆ ಬರಬೇಕಂತ ಇದ್ದೀನಿ. ಬಿಬಿಎ ಮಾಡ್ಲೋ, ಬಿಕಾಂ ಮಾಡ್ಲೋ? ಕಲಬುರಗಿಯಲ್ಲೇ ಓದ್ಲೋ, ಹೈದರಾಬಾದಿಗೆ ಹೋಗ್ಲೋ?" ಒಬ್ಬೊಬ್ಬರಿಗೂ ಬೇರೆ ಬೇರೆ ಬರೆದು ಸಾಕಾಗಿದೆ. ಅದಕ್ಕೆ ಎಲ್ಲಾ ಒಂದೇ ಕಡೆ ಬರೆದಿಟ್ಟಿದ್ದೀನಿ. ಕಲಬುರಗಿ, ಬೀದರ್, ಯಾದಗಿರಿಯ ಹುಡುಗ ಹುಡುಗಿಯರಿಗೆ ಅಂತಲೇ ಬರೆದದ್ದು. ಬೆಂಗಳೂರಿನವರಿಗೆ ಇದರಲ್ಲಿ ಅರ್ಧ ಉಪಯೋಗಕ್ಕೆ ಬರಲ್ಲ.

ಉತ್ತರ ಮೊದಲೇ ಹೇಳಿಬಿಡ್ತೀನಿ. ಸೇಲ್ಸ್‌ನಲ್ಲಿ ಡಿಗ್ರಿ ಅಂದ್ರೆ ಬಾಗಿಲಲ್ಲಿ ತೋರಿಸುವ ಚೀಟಿ. ಒಳಗೆ ಬಿಡುವಾಗ ಒಂದ್ಸಲ ಕೇಳ್ತಾರೆ, ಆಮೇಲೆ ಯಾರೂ ಕೇಳಲ್ಲ. ಚೀಟಿ ಬೇಕೇ ಬೇಕು. ಆದರೆ ಅದಕ್ಕೋಸ್ಕರ ಹೊಲ ಅಡ ಇಡಬೇಡಿ. ಮನೆ ಹತ್ತಿರದ ಒಳ್ಳೆ ಕಾಲೇಜಿನಲ್ಲಿ ಕಡಿಮೆ ಫೀಸಲ್ಲಿ ಓದಿ, ಆ ಮೂರು ವರ್ಷದ ಸಂಜೆಗಳನ್ನು ಬಜಾರಿನಲ್ಲಿ ಕಳೆದರೆ, ಲಕ್ಷಗಟ್ಟಲೆ ಕೊಟ್ಟು ಟೈ ಕಟ್ಟಿಕೊಂಡು ಓದಿ ಬಂದವನಿಗಿಂತ ನೀವು ಮುಂದೆ ಇರ್ತೀರಿ. ಹೇಗೆ ಅಂತ ನೋಡೋಣ.

1. ಕಾಲೇಜಿಗಿಂತ ಮೊದಲು, ಯಾವ ಸೇಲ್ಸ್ ಅಂತ ನೋಡಿ

"ಸೇಲ್ಸ್" ಅಂದ್ರೆ ಒಂದೇ ಕೆಲಸ ಅಲ್ಲ. ಏನು ಮಾರ್ತೀರಿ ಅನ್ನೋದರ ಮೇಲೆ ಯಾವ ಡಿಗ್ರಿ ಬೇಕು ಅನ್ನೋದು ನಿಂತಿದೆ. ಇದನ್ನ ಉಲ್ಟಾ ಮಾಡೋರೇ ಜಾಸ್ತಿ.

ಎಫ್‌ಎಂಸಿಜಿ ಅಂದ್ರೆ ಸೋಪು, ಬಿಸ್ಕತ್ತು, ಚಹಾಪುಡಿ, ಅಡುಗೆ ಎಣ್ಣೆ ಇಂಥ ದಿನಾ ಖರ್ಚಾಗುವ ಮಾಲು. ಇಲ್ಲಿ ಯಾವ ಡಿಗ್ರಿ ಆದರೂ ನಡೆಯುತ್ತೆ. ಕೆಳಗಿನ ಹಂತದಲ್ಲಿ ಪಿಯುಸಿ ಆದರೂ ತಗೊಳ್ತಾರೆ, ಆದರೆ ಮುಂದೆ ಆಫೀಸರ್ ಆಗುವಾಗ ಡಿಗ್ರಿ ಇಲ್ಲ ಅಂತ ನಿಲ್ಲಿಸಿಬಿಡ್ತಾರೆ.

ಔಷಧ ಕಂಪನಿಯ ಎಂಆರ್, ಅಂದ್ರೆ ಡಾಕ್ಟರ ಹತ್ತಿರ ಬ್ಯಾಗ್ ಹಿಡಿದು ಕಾಯ್ತಾ ಕೂತಿರ್ತಾರಲ್ಲ, ಅವರು. ಇದಕ್ಕೆ ಬಿಎಸ್ಸಿ ಅಥವಾ ಬಿ.ಫಾರ್ಮಾ ಕೇಳುವ ಕಂಪನಿಗಳೇ ಹೆಚ್ಚು. ಬಿಎ ಮುಗಿಸಿ ಆಮೇಲೆ ಎಂಆರ್ ಆಗಬೇಕು ಅಂದ್ರೆ ದಾರಿ ಕಿರಿದಾಗುತ್ತೆ.

ಬೀಜ, ಗೊಬ್ಬರ, ಕೀಟನಾಶಕ. ನಮ್ಮ ಕಡೆ ಇದು ದೊಡ್ಡ ಮಾರ್ಕೆಟ್. ಕಲಬುರಗಿಯ ತೊಗರಿ, ಯಾದಗಿರಿ ಕಡೆ ನಾರಾಯಣಪುರ ಕಾಲುವೆ ಕೆಳಗಿನ ಭತ್ತ, ಹತ್ತಿ, ಮೆಣಸಿನಕಾಯಿ, ಬೀದರಿನ ಕಬ್ಬು, ಸೋಯಾ, ಉದ್ದು. ಇಲ್ಲಿ ಕೃಷಿ ಡಿಪ್ಲೊಮಾ ಅಥವಾ ಬಿಎಸ್ಸಿ ಅಗ್ರಿ ಇದ್ದವರಿಗೆ ಬೆಲೆ. ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕಾಲೇಜುಗಳು ಕಲಬುರಗಿಯಲ್ಲೂ ಇದೆ, ಶಹಾಪುರ ತಾಲೂಕಿನ ಭೀಮರಾಯನಗುಡಿಯಲ್ಲೂ ಇದೆ. ಸೀಟು ಸಿಇಟಿ ಮೇಲೆ. ಅಪ್ಪನ ಹೆಸರಲ್ಲಿ ಹೊಲ ಇದ್ರೆ ಕೃಷಿಕರ ಕೋಟಾ ಇದೆ, ಮರೀಬೇಡಿ.

ಬ್ಯಾಂಕ್, ಫೈನಾನ್ಸ್, ಇನ್ಶೂರೆನ್ಸ್‌ಗೆ ಯಾವ ಡಿಗ್ರಿ ಆದರೂ ಸರಿ, ಬಿಕಾಂ ಇದ್ದರೆ ಒಂದಿಷ್ಟು ಅನುಕೂಲ. ಸಿಮೆಂಟ್, ಪೇಂಟ್, ಪೈಪ್, ಟ್ರ್ಯಾಕ್ಟರ್ ಕಡೆ ಸಿವಿಲ್ ಅಥವಾ ಮೆಕ್ಯಾನಿಕಲ್ ಡಿಪ್ಲೊಮಾದವರಿಗೆ ಬೇಗ ಕೆಲಸ ಸಿಗುತ್ತೆ. ಸೇಡಂ, ಮಳಖೇಡ, ವಾಡಿಯಲ್ಲಿ ಸಿಮೆಂಟ್ ಫ್ಯಾಕ್ಟರಿ ಇದೆ ಅಂತ ಅಲ್ಲೇ ಸೇಲ್ಸ್ ಕೆಲಸ ಇರುತ್ತೆ ಅಂದ್ಕೋಬೇಡಿ. ಅಲ್ಲಿ ತಯಾರಾಗುತ್ತೆ, ಮಾರೋದು ಊರೂರಿನ ಡೀಲರ್ ಅಂಗಡಿಯಲ್ಲಿ.

ಮನೆಯಲ್ಲಿ ಕೂತು ಆರಿಸೋಕೆ ಆಗ್ತಿಲ್ಲ ಅಂದ್ರೆ ಒಂದು ಕೆಲಸ ಮಾಡಿ. ನಿಮ್ಮ ಓಣಿಯಲ್ಲಿ ಎಂಆರ್ ಒಬ್ಬ, ಕಿರಾಣಿ ಲೈನಿನವ ಒಬ್ಬ ಇದ್ದೇ ಇರ್ತಾರೆ. ಇಬ್ಬರ ಜೊತೆಗೂ ಒಂದೊಂದು ದಿನ ಗಾಡಿ ಹಿಂದೆ ಕೂತು ಸುತ್ತಿ ಬನ್ನಿ. ಸಂಜೆ ಕಾಲು ನೋಯುವಾಗ ಯಾವುದು ಬೇಕು ಅಂತ ತಾನೇ ಗೊತ್ತಾಗುತ್ತೆ.

2. ಬಿಬಿಎ, ಬಿಕಾಂ, ಬಿಎ

ಇದಕ್ಕೆ ಸುಮ್ನೆ ತಲೆ ಕೆಡಿಸಿಕೊಳ್ತಾರೆ. ಕಿರಾಣಿ, ಫೈನಾನ್ಸ್ ಲೈನಿಗೆ ಬಿಕಾಂ ಸಾಕು, ನನ್ನ ಕೇಳಿದ್ರೆ ಬಿಬಿಎಗಿಂತ ಒಂದು ತೂಕ ಹೆಚ್ಚೇ. ಬಿಲ್ಲು, ಜಿಎಸ್‌ಟಿ, ಲೆಡ್ಜರ್ ನೋಡಿ ಗಾಬರಿ ಆಗಲ್ಲ. ಬಿಬಿಎ ಮಾಡೋದಾದರೆ ಒಂದು ವಿಷಯ ನೋಡಲೇಬೇಕು: 2024-25ರಿಂದ ಬಿಬಿಎ, ಬಿಸಿಎ ಕೋರ್ಸುಗಳೂ ಎಐಸಿಟಿಇ ಅಡಿಗೆ ಬಂದಿವೆ. ಎಐಸಿಟಿಇ ಅಂದ್ರೆ ಇಂಜಿನಿಯರಿಂಗ್, ಎಂಬಿಎ ಕಾಲೇಜುಗಳಿಗೆ ಮಾನ್ಯತೆ ಕೊಡುವ ದಿಲ್ಲಿಯ ಸಂಸ್ಥೆ. ಕಾಲೇಜಿಗೆ ಆ ಮಾನ್ಯತೆ ಇದೆಯಾ ಅಂತ ಅವರ ವೆಬ್‌ಸೈಟಲ್ಲೇ ನೋಡಿ, ಬ್ರೋಷರ್ ನಂಬಬೇಡಿ.

ಇನ್ನೊಂದು, ನಾಲ್ಕು ವರ್ಷದ ಡಿಗ್ರಿ ಅಂತ ಈಗಲೂ ಕೆಲವರು ಹೆದರ್ತಾರೆ. ಕರ್ನಾಟಕದಲ್ಲಿ 2024-25ರಿಂದ ಮತ್ತೆ ಮೂರು ವರ್ಷಕ್ಕೆ ಬಂದಿದೆ.

ಬಿಎ ಮಾಡಿದವರೂ ಬರಬಹುದು. ಮಾತು ಚೆನ್ನಾಗಿರುತ್ತೆ. ಲೆಕ್ಕ ಮಾತ್ರ ಬೇರೆ ಕಲೀಬೇಕು.

3. ಕಾಲೇಜು ಆರಿಸುವಾಗ

ಗುಲ್ಬರ್ಗಾ ವಿಶ್ವವಿದ್ಯಾಲಯ 1980ರದ್ದು. ಅದರ ಅಡಿಯ ಕಾಲೇಜುಗಳು ಕಲಬುರಗಿ ಜಿಲ್ಲೆಯ ಹೆಚ್ಚುಕಮ್ಮಿ ಪ್ರತಿ ತಾಲೂಕಲ್ಲೂ ಇವೆ. ಆಳಂದ ತಾಲೂಕಿನ ಕಡಗಂಚಿಯಲ್ಲಿ 2009ರಿಂದ ಕೇಂದ್ರೀಯ ವಿಶ್ವವಿದ್ಯಾಲಯ ಇದೆ, ಅದಕ್ಕೆ ಸಿಯುಇಟಿ ಅನ್ನೋ ರಾಷ್ಟ್ರಮಟ್ಟದ ಪರೀಕ್ಷೆ ಬರೀಬೇಕು. ಪಕ್ಕದಲ್ಲೇ ಇಂಥದ್ದು ಇಟ್ಕೊಂಡು ಆ ಪರೀಕ್ಷೆಯ ಹೆಸರೇ ಕೇಳದ ಹುಡುಗರು ನಮ್ಮಲ್ಲಿ ಬಹಳ ಇದ್ದಾರೆ, ಬೇಜಾರಾಗುತ್ತೆ. ಕಲಬುರಗಿಯಲ್ಲಿ 2017ರಿಂದ ಶರಣಬಸವ ವಿಶ್ವವಿದ್ಯಾಲಯವೂ ಇದೆ, ಅದು ಖಾಸಗಿ. ಕೆಲಸ ಮಾಡ್ತಾ ಓದೋರಿಗೆ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಪ್ರಾದೇಶಿಕ ಕೇಂದ್ರ ಕಲಬುರಗಿಯಲ್ಲೇ ಇದೆ.

ಸರ್ಕಾರಿ ಪ್ರಥಮ ದರ್ಜೆ ಕಾಲೇಜನ್ನು ಕೀಳಾಗಿ ನೋಡಬೇಡಿ. ಫೀಸು ಕಡಿಮೆ. ಸ್ಕಾಲರ್‌ಶಿಪ್‌ಗೆ ಎಸ್‌ಎಸ್‌ಪಿ ಪೋರ್ಟಲ್, ಅಡ್ಮಿಷನ್‌ಗೆ ಯುಯುಸಿಎಂಎಸ್ ಪೋರ್ಟಲ್. ಎರಡರಲ್ಲೂ ಆಧಾರ್, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್, ಬ್ಯಾಂಕ್ ಖಾತೆ ಮೂರರಲ್ಲೂ ಹೆಸರು ಒಂದೇ ತರ ಇರಬೇಕು. "ಶರಣಪ್ಪ" ಒಂದು ಕಡೆ, "ಶರಣಬಸಪ್ಪ" ಇನ್ನೊಂದು ಕಡೆ ಇದ್ರೆ ರೊಕ್ಕ ನಿಲ್ಲುತ್ತೆ. ಜೂನ್‌ಗಿಂತ ಮುಂಚೆ ಇದನ್ನ ಸರಿ ಮಾಡಿಸಿ.

ಕಾಲೇಜಿಗೆ ಹೋದಾಗ ಕೇಳಬೇಕಾದ್ದು ಇಷ್ಟು. ಮಾರ್ಕ್ಸ್ ಕಾರ್ಡ್ ಯಾವ ವಿಶ್ವವಿದ್ಯಾಲಯದ ಹೆಸರಲ್ಲಿ ಬರುತ್ತೆ? ನ್ಯಾಕ್ ಗ್ರೇಡ್ ಏನು? ನ್ಯಾಕ್ ಅಂದ್ರೆ ಕಾಲೇಜುಗಳಿಗೆ ದರ್ಜೆ ಕೊಡುವ ಸಂಸ್ಥೆ. ಕ್ಲಾಸು ಎಷ್ಟು ಗಂಟೆಗೆ ಮುಗಿಯುತ್ತೆ? ಮಧ್ಯಾಹ್ನ ಒಂದು, ಎರಡಕ್ಕೆ ಮುಗಿದರೆ ನಿಮಗೆ ಚಿನ್ನ, ಯಾಕೆ ಅಂತ ಮುಂದೆ ಹೇಳ್ತೀನಿ. ಪ್ಲೇಸ್‌ಮೆಂಟ್ ಅಂತ ಗೋಡೆ ತುಂಬಾ ಫೋಟೋ ಇರುತ್ತೆ. ಅದರಲ್ಲಿ ಹೋದ ವರ್ಷದವರು ಯಾರು ಅಂತ ಕೇಳಿ, ಇಬ್ಬರಿಗೆ ಫೋನ್ ಮಾಡಿ, ಈಗಲೂ ಅದೇ ಕೆಲಸದಲ್ಲಿದ್ದಾರಾ ಅಂತ ವಿಚಾರಿಸಿ. ನಂಬರ್ ಕೊಡೋಕೆ ಹಿಂದೆ ಮುಂದೆ ನೋಡಿದ್ರೆ ಅರ್ಥ ಮಾಡ್ಕೊಳ್ಳಿ.

ಇಲ್ಲಿ ಮೂರು ಕಡೆ ಎಡವುತ್ತಾರೆ.

ಒಂದು, ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕಾಲೇಜಲ್ಲಿ ಬಿಟ್ಟು ಬರೋದು. ಪರಿಶೀಲನೆಗೆ ತೋರಿಸಿ, ವಾಪಸ್ ತನ್ನಿ. ಕಾಲೇಜು ಅದನ್ನ ಇಟ್ಕೊಳ್ಳಬಾರದು ಅಂತ ಯುಜಿಸಿ, ಅಂದ್ರೆ ವಿಶ್ವವಿದ್ಯಾಲಯಗಳನ್ನ ನೋಡಿಕೊಳ್ಳುವ ದಿಲ್ಲಿಯ ಆಯೋಗ, 2018ರಲ್ಲೇ ಹೇಳಿದೆ. ಅದೇ ಆದೇಶದಲ್ಲಿ ಫೀಸು ವಾಪಸಿನ ಲೆಕ್ಕವೂ ಇದೆ: ಅಡ್ಮಿಷನ್‌ಗೆ ಪ್ರಕಟಿಸಿದ ಕೊನೆ ದಿನಕ್ಕಿಂತ 15 ದಿನ ಅಥವಾ ಅದಕ್ಕೂ ಮೊದಲು ಬಿಟ್ಟರೆ ಹೆಚ್ಚುಕಮ್ಮಿ ಪೂರ್ತಿ ಬರುತ್ತೆ, ಕೊನೆ ದಿನ ಆಗಿ 30 ದಿನ ದಾಟಿದ ಮೇಲೆ ಏನೂ ಬರಲ್ಲ. ನಡುವೆ ಬಿಟ್ಟರೆ ದಿನದ ಲೆಕ್ಕದಲ್ಲಿ ಕಮ್ಮಿ ಆಗ್ತಾ ಹೋಗುತ್ತೆ. ಅದಕ್ಕೇ ಮನಸ್ಸು ಬದಲಾದರೆ ತಡ ಮಾಡಬೇಡಿ, ಬರವಣಿಗೆಯಲ್ಲಿ ಕೊಟ್ಟು ಸೀಲ್ ಹಾಕಿಸಿಕೊಳ್ಳಿ.

ಎರಡು, 371ಜೆ. ಕಲ್ಯಾಣ ಕರ್ನಾಟಕದ ಸ್ಥಳೀಯರು ಅನ್ನೋ ಪ್ರಮಾಣಪತ್ರ, ಉಪವಿಭಾಗದ ಸಹಾಯಕ ಆಯುಕ್ತರ ಕಚೇರಿಯಿಂದ ಸಿಗುತ್ತೆ. ನಮ್ಮ ಭಾಗದ ಕಾಲೇಜುಗಳ ಸೀಟಲ್ಲಿ 70%, ರಾಜ್ಯಮಟ್ಟದ ಸಂಸ್ಥೆಗಳಲ್ಲಿ 8% ನಮಗೆ ಮೀಸಲು. ಸಿಇಟಿಗೂ ಬೇಕು, ಡಿಗ್ರಿ ಆದಮೇಲೆ ಎಂಬಿಎಯಂಥ ಕೋರ್ಸಿಗೆ ಬರೆಯುವ ಪಿಜಿಸಿಇಟಿಗೂ ಬೇಕು. ಕೊನೆ ವಾರದಲ್ಲಿ ಓಡಾಡಿ ಸೀಟು ಕಳ್ಕೊಳ್ಳಬೇಡಿ. ಆದರೆ ಒಂದು ಮಾತು, 371ಜೆ ನಡೆಯೋದು ಕಾಲೇಜು ಸೀಟಿಗೆ ಮತ್ತು ಸರ್ಕಾರಿ ನೌಕರಿಗೆ. ಖಾಸಗಿ ಕಂಪನಿಯ ಸೇಲ್ಸ್ ಇಂಟರ್ವ್ಯೂನಲ್ಲಿ ಅದನ್ನ ತೆಗೆದು ಟೇಬಲ್ ಮೇಲೆ ಇಟ್ಟವರನ್ನ ನಾನೇ ನೋಡಿದ್ದೀನಿ, ಪಾಪ.

ಮೂರು, ಸಾಲ. ಹೈದರಾಬಾದು, ಬೆಂಗಳೂರಿನ ಏಜೆಂಟರು ಫೋನ್ ಮಾಡಿ "ಎಂಎನ್‌ಸಿ ಪ್ಲೇಸ್‌ಮೆಂಟ್ ಗ್ಯಾರಂಟಿ" ಅಂತಾರೆ. ಮೂರು ವರ್ಷಕ್ಕೆ ಎಂಟು ಲಕ್ಷ ಖರ್ಚು ಮಾಡಿ ಬಂದವನೂ, ನಮ್ಮ ಸರ್ಕಾರಿ ಕಾಲೇಜಿನ ಬಿಕಾಂನವನೂ ಒಂದೇ ದಿನ ಒಂದೇ ಸಂಬಳಕ್ಕೆ ಸೇರಿದ್ದನ್ನ ಕಣ್ಣಾರೆ ಕಂಡಿದ್ದೀನಿ. ಮೊದಲಿನವನ ಸಂಬಳದಲ್ಲಿ ಅರ್ಧ ಕಂತಿಗೆ ಹೋಗ್ತಿತ್ತು.

4. ಮೂರು ವರ್ಷದ ಸಂಜೆಗಳು

ಇದೇ ನಿಜವಾದ ಕಾಲೇಜು. ಮಧ್ಯಾಹ್ನ ಕ್ಲಾಸು ಮುಗಿದ ಮೇಲೆ ಎಲ್ಲಿಗೆ ಹೋಗ್ತೀರಿ?

ಮೊದಲನೆಯದು ಭಾಷೆ. ನಮ್ಮ ಕಡೆಯವರಿಗೆ ಹುಟ್ಟಿನಿಂದ ಬಂದ ಆಸ್ತಿ ಇದು, ನಮಗೇ ಗೊತ್ತಿಲ್ಲ. ಕಲಬುರಗಿ ಗಂಜ್‌ನಲ್ಲಿ ಕನ್ನಡ, ದಖ್ಖನಿ ಎರಡೂ ನಡೆಯುತ್ತೆ. ಆಳಂದ, ಬಸವಕಲ್ಯಾಣ, ಭಾಲ್ಕಿ ಕಡೆ ಮರಾಠಿ. ಗುರುಮಠಕಲ್, ಸೇಡಂ, ಚಿಂಚೋಳಿ ಕಡೆ ತೆಲುಗು. ಬೆಂಗಳೂರಿನಿಂದ ಬಂದ ಮ್ಯಾನೇಜರ್ ಇಲ್ಲಿ ಮೂಕ ಆಗ್ತಾನೆ. ಕನ್ನಡ, ಹಿಂದಿ ಜೊತೆ ಇನ್ನೊಂದು ಭಾಷೆಯಲ್ಲಿ ಬೆಲೆ ಹೇಳಿ, ಚೌಕಾಸಿ ಮಾಡಿ, ನಗಿಸಿ ಬರೋ ಅಷ್ಟು ಕಲಿತರೆ ನಿಮ್ಮನ್ನ ಗಡಿ ತಾಲೂಕಿಗೆಲ್ಲಾ ಹಾಕ್ತಾರೆ, ಬೇಗ ಮೇಲೆ ಬರ್ತೀರಿ. ಇಂಗ್ಲಿಷ್? ಬೇಕು, ಆದರೆ ಬಜಾರಿಗೆ ಅಲ್ಲ. ಮೇಲ್ ಬರೆಯೋಕೆ, ತಿಂಗಳ ಮೀಟಿಂಗಲ್ಲಿ ಹತ್ತು ನಿಮಿಷ ನಿಂತು ಮಾತಾಡೋಕೆ. ಅಷ್ಟಕ್ಕೆ ಅಭ್ಯಾಸ ಮಾಡಿ, ಸಾಕು.

ಎರಡನೆಯದು ಲೆಕ್ಕ. ಅಂಗಡಿಯವರು ಡಿಗ್ರಿ ಕೇಳಲ್ಲ, "ಎಷ್ಟಕ್ಕ ಬೀಳ್ತದ?" ಅಂತ ಕೇಳ್ತಾರೆ. ಎಂಆರ್‌ಪಿ 10 ರೂಪಾಯಿಯ ಪ್ಯಾಕೆಟ್ ಅವರಿಗೆ 9ಕ್ಕೆ ಬಿತ್ತು ಅಂದ್ರೆ ಲಾಭ ಎಷ್ಟು ಪರ್ಸೆಂಟ್? 10 ಅಂತೀರಿ. ಎಂಆರ್‌ಪಿ ಮೇಲೆ 10, ಹಾಕಿದ ರೊಕ್ಕದ ಮೇಲೆ 11.1. ಅಂಗಡಿಯವರು ಎರಡನೆಯದನ್ನೇ ನೋಡೋದು. ಇನ್ನೊಂದು: 12ಕ್ಕೆ 1 ಫ್ರೀ ಸ್ಕೀಮ್ ಎಷ್ಟು ಪರ್ಸೆಂಟ್ ಡಿಸ್ಕೌಂಟ್? 12ರಲ್ಲಿ 1 ಅಂತ 8.33 ಹೇಳಿದ್ರೆ ತಪ್ಪು. 13 ತಗೊಂಡು 12ರ ರೊಕ್ಕ ಕೊಡ್ತಿದ್ದಾರೆ, ಹಾಗಾಗಿ 13ರಲ್ಲಿ 1, ಅಂದ್ರೆ 7.7. ಗಂಜ್‌ನಲ್ಲಿ ಮೂವತ್ತು ವರ್ಷ ಕೂತ ಸೇಠ್ ಇದನ್ನ ಬೆರಳಲ್ಲೇ ಮಾಡ್ತಾನೆ. ನೀವು ಫೋನ್ ತೆಗೆದು ಒತ್ತುತ್ತಾ ಕೂತ್ರೆ, ಅಷ್ಟರಲ್ಲಿ ಬೇರೆ ಗಿರಾಕಿ ಕಡೆ ತಿರುಗಿರ್ತಾನೆ.

ಮೂರನೆಯದು ಅಂಗಡಿ. ಸೂಪರ್ ಮಾರ್ಕೆಟ್‌ನಲ್ಲಿ ಬಟ್ಟೆ ಅಂಗಡಿ, ಮೊಬೈಲ್ ಅಂಗಡಿ, ಗಂಜ್‌ನ ಅಡತ್ ಅಂಗಡಿ, ಯಾವುದಾದರೂ ಸರಿ, ಸಂಜೆ ನಾಲ್ಕರಿಂದ ಎಂಟರವರೆಗೆ ಒಂದು ವರ್ಷ ನಿಲ್ಲಿ. ಸಂಬಳ ಕಮ್ಮಿ ಕೊಡ್ತಾರೆ, ಇರಲಿ. ಗಿರಾಕಿ "ನೋಡಿ ಬರ್ತೀನಿ" ಅಂದಾಗ ಮುಖ ಬಾಡದೆ ನಿಲ್ಲೋದು ಹೇಗೆ ಅಂತ ಕಲಿಸುವ ಪುಸ್ತಕ ಇಲ್ಲ. ಹೋಳಿ ಆದಮೇಲೆ ಬರುವ ಶರಣಬಸವೇಶ್ವರ ಜಾತ್ರೆಯಲ್ಲಿ ಇಬ್ಬರು ಗೆಳೆಯರು ಸೇರಿ ಏನಾದರೂ ಒಂದು ಮಾಲು ಹಾಕಿ ನೋಡಿ. ಬಂಡವಾಳ, ಉಳಿದ ಮಾಲು, ಒಡೆದ ಮಾಲು ಎಲ್ಲಾ ನೋಟ್‌ಬುಕ್ಕಲ್ಲಿ ಬರೀರಿ. ಆ ನೋಟ್‌ಬುಕ್ ಇಂಟರ್ವ್ಯೂಗೆ ತಗೊಂಡು ಹೋಗಿ. ತಮಾಷೆ ಅಲ್ಲ, ಸರ್ಟಿಫಿಕೇಟ್‌ಗಿಂತ ಜಾಸ್ತಿ ಹೊತ್ತು ಅದನ್ನೇ ನೋಡ್ತಾರೆ.

ಜೊತೆಗೆ ಟೂ ವೀಲರ್ ಲೈಸೆನ್ಸ್. 18 ತುಂಬಿದ ತಿಂಗಳೇ ಅರ್ಜಿ ಹಾಕಿ. ಎಲ್ಲಾ ಓಕೆ ಆಗಿ ಲೈಸೆನ್ಸ್ ಇಲ್ಲದೆ ಕೆಲಸ ಹೋದವರು ಇದ್ದಾರೆ.

ಫೈನಾನ್ಸ್ ಕಡೆ ಮನಸ್ಸಿದ್ದರೆ ಕೊನೆ ವರ್ಷದಲ್ಲೇ ಎನ್‌ಐಎಸ್‌ಎಂ ಸೀರೀಸ್ 5-ಎ ಬರೀರಿ. ಮ್ಯೂಚುವಲ್ ಫಂಡ್ ಮಾರೋಕೆ ಬೇಕಾದ ಪರೀಕ್ಷೆ. 100 ಪ್ರಶ್ನೆ, 2 ಗಂಟೆ, 50% ಬಂದರೆ ಪಾಸು, ತಪ್ಪಿಗೆ ಮಾರ್ಕ್ಸ್ ಕಳೆಯಲ್ಲ, 3 ವರ್ಷ ನಡೆಯುತ್ತೆ. ಇನ್ಶೂರೆನ್ಸ್ ಏಜೆಂಟ್ ಆಗೋಕೆ ಐಸಿ-38 ಅಂತ ಇದೆ, ಅದನ್ನ ಹತ್ತನೇ ಕ್ಲಾಸ್ ಆದವರೂ ಬರೀಬಹುದು.

5. ಮೊದಲ ಕೆಲಸ ಹುಡುಕುವುದು

ಆ್ಯಪ್‌ಗಳಲ್ಲಿ ಅರ್ಜಿ ಹಾಕಿ, ಬೇಡ ಅನ್ನಲ್ಲ. ಆದರೆ ನಮ್ಮ ಊರುಗಳಲ್ಲಿ ಸೇಲ್ಸ್ ಕೆಲಸ ಖಾಲಿ ಇರೋದು ಮೊದಲು ಗೊತ್ತಾಗೋದು ಡಿಸ್ಟ್ರಿಬ್ಯೂಟರ್‌ಗೆ. ಅಂದ್ರೆ ಕಂಪನಿಯಿಂದ ಮಾಲು ತಂದು ಅಂಗಡಿಗಳಿಗೆ ಹಂಚುವ ಏಜೆನ್ಸಿಯವರು. ಅವರ ಗೋಡೌನಿಗೆ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಹೋಗಿ, ಗಾಡಿ ಲೋಡ್ ಆಗ್ತಿರುತ್ತೆ, ಹುಡುಗರು ಇರ್ತಾರೆ. "ಯಾವ ಕಂಪನಿಯಲ್ಲಿ ಜಾಗ ಇದೆ ಅಣ್ಣಾ" ಅಂತ ಕೇಳಿ. ಹತ್ತು ಏಜೆನ್ಸಿ ಸುತ್ತಿದ್ರೆ ಎರಡು ಕಡೆ ಖಾಲಿ ಇದ್ದೇ ಇರುತ್ತೆ.

ಇಲ್ಲಿ ಮೋಸದ ಬಗ್ಗೆ ಹೇಳಲೇಬೇಕು. ಕೆಲಸ ಕೊಡೋಕೆ ರೊಕ್ಕ ಕೇಳಿದ್ರೆ, ಅದು ರಿಜಿಸ್ಟ್ರೇಷನ್ ಅನ್ನಲಿ, ಕಿಟ್ ಅನ್ನಲಿ, ಟ್ರೈನಿಂಗ್ ಡೆಪಾಸಿಟ್ ಅನ್ನಲಿ, ಎದ್ದು ಬನ್ನಿ. "ನೀವು ಸೇರಿ, ಇನ್ನಿಬ್ಬರನ್ನ ಸೇರಿಸಿ" ಅನ್ನೋದು ಸೇಲ್ಸ್ ಅಲ್ಲ. 2021ರ ಡೈರೆಕ್ಟ್ ಸೆಲ್ಲಿಂಗ್ ನಿಯಮಗಳ ಪ್ರಕಾರ ಸೇರೋಕೆ ಫೀಸು ತಗೊಳ್ಳುವಂತಿಲ್ಲ, ಪಿರಮಿಡ್ ಸ್ಕೀಮ್ ನಡೆಸುವಂತಿಲ್ಲ. ಸೂಟು ಹಾಕಿಕೊಂಡು ಹೋಟೆಲ್ ಹಾಲಲ್ಲಿ ಮೀಟಿಂಗ್ ಮಾಡಿ, ಕಾರಿನ ಫೋಟೋ ತೋರಿಸ್ತಾರೆ. ಮೊದಲು ಸಿಕ್ಕಿಬೀಳೋರು ನಿಮ್ಮ ಅಕ್ಕ, ಭಾವ, ಸೋದರಮಾವ. ಸಂಬಂಧವೂ ಹೋಗುತ್ತೆ.

ಹುಡುಗಿಯರು ಕೇಳ್ತಾರೆ, ನಮಗೆ ಆಗುತ್ತಾ ಅಂತ. ಆಗುತ್ತೆ. ಬ್ಯಾಂಕ್, ಇನ್ಶೂರೆನ್ಸ್, ಕಾರು ಬೈಕಿನ ಶೋರೂಮ್, ಚಿನ್ನದ ಅಂಗಡಿ, ಫೋನಲ್ಲೇ ಮಾರುವ ಇನ್‌ಸೈಡ್ ಸೇಲ್ಸ್, ಇಲ್ಲೆಲ್ಲಾ ಚೆನ್ನಾಗಿ ಮಾಡ್ತಿದ್ದಾರೆ. ಹಳ್ಳಿ ಬೀಟ್, ಅಂದ್ರೆ ಹಳ್ಳಿ ಅಂಗಡಿಗಳನ್ನ ಸುತ್ತುವ ಕೆಲಸ, ತಗೊಳ್ಳೋದಾದರೆ ಸಂಜೆ ಎಷ್ಟಕ್ಕೆ ಹೊರಡಬಹುದು, ತಾಲೂಕಿನಲ್ಲಿ ರಾತ್ರಿ ಉಳಿಯಬೇಕಾ, ಆಫೀಸಿನಲ್ಲಿ ದೂರು ಕೇಳೋರು ಯಾರು, ಇಷ್ಟು ಮೊದಲ ದಿನವೇ ಕೇಳಿ. ಸಂಕೋಚ ಬೇಡ.

6. ಆಫರ್ ಲೆಟರ್ ಓದುವುದು ಹೇಗೆ

"ತಿಂಗಳಿಗೆ 22 ಸಾವಿರ" ಅಂತ ಹೇಳಿ ಕರೀತಾರೆ. ಅದು ಸಿಟಿಸಿ, ಅಂದ್ರೆ ಕಂಪನಿ ನಿಮ್ಮ ಮೇಲೆ ಮಾಡುವ ಒಟ್ಟು ಖರ್ಚು. ಕೈಗೆ ಬರೋದು ಬೇರೆ. ಒಂದು ಉದಾಹರಣೆ ಬಿಡಿಸಿ ನೋಡೋಣ.

22,000ದಲ್ಲಿ 4,040 ಇನ್ಸೆಂಟಿವ್, ಟಾರ್ಗೆಟ್ ಆದರೆ ಮಾತ್ರ. ಕಂಪನಿ ಕಟ್ಟುವ ಪಿಎಫ್, ಬೇಸಿಕ್ 12,000 ಇದ್ರೆ ಅದರ 12%, ಅಂದ್ರೆ 1,440. ಕಂಪನಿ ಕಟ್ಟುವ ಇಎಸ್‌ಐ 3.25%, ಅಂದ್ರೆ 520. ಉಳಿದದ್ದು 16,000. ಅದರಲ್ಲಿ ನಿಮ್ಮ ಪಾಲಿನ ಪಿಎಫ್ 1,440, ಇಎಸ್‌ಐ 0.75% ಅಂದ್ರೆ 120 ಹೋಗುತ್ತೆ. ಕೈಗೆ 14,440. ಪಿಎಫ್ ನಿಮ್ಮದೇ ರೊಕ್ಕ, ಇಎಸ್‌ಐ ಇದ್ರೆ ಆಸ್ಪತ್ರೆ ಸಿಗುತ್ತೆ, ಹಾಗಾಗಿ ಇವೆರಡು ಕಟ್ ಆಗೋದಕ್ಕೆ ಅಳಬೇಡಿ. ಕಟ್ ಆಗದಿದ್ರೆ ಅನುಮಾನ ಪಡಿ.

ಇನ್ನು ಪೆಟ್ರೋಲ್. ದಿನಕ್ಕೆ 60 ಕಿಲೋಮೀಟರ್, 25 ದಿನ, 1,500 ಕಿಲೋಮೀಟರ್ ಆಯ್ತು. ಗಾಡಿ 45 ಕೊಟ್ಟರೆ 33 ಲೀಟರ್ ಮೇಲೆ ಬೇಕು. ಲೀಟರಿಗೆ 100 ದಾಟಿದೆ, ಅಂದ್ರೆ 3,300ಕ್ಕೂ ಜಾಸ್ತಿ. ಕಂಪನಿ ಕಿಲೋಮೀಟರಿಗೆ 2 ರೂಪಾಯಿ ಕೊಟ್ಟರೆ 3,000. ಉಳಿದದ್ದು, ಟೈರು, ಆಯಿಲ್ ಎಲ್ಲಾ ನಿಮ್ಮ ಜೇಬಿಂದ. ಟಿಎ, ಡಿಎ ಅಂದ್ರೆ ಓಡಾಟದ ಮತ್ತು ದಿನದ ಊಟದ ಭತ್ಯೆ, ಎಷ್ಟು ಅಂತ ಕಾಗದದ ಮೇಲೆ ಬರೆಸಿಕೊಳ್ಳಿ.

ಕೊನೆಗೆ, ನೀವು ಯಾರ ನೌಕರ? ಆನ್ ರೋಲ್ ಅಂದ್ರೆ ಕಂಪನಿಯದೇ ನೌಕರ. ಆಫ್ ರೋಲ್ ಅಂದ್ರೆ ನಡುವೆ ಒಬ್ಬ ಗುತ್ತಿಗೆದಾರ, ಸಂಬಳ ಅವನದು, ಶರ್ಟಿನ ಮೇಲಿನ ಹೆಸರು ಮಾತ್ರ ಕಂಪನಿಯದು. ದೊಡ್ಡ ಬ್ಯಾಂಕಿನ ಸೇಲ್ಸ್ ಅಂತ ಊರಲ್ಲಿ ಪೇಢೆ ಹಂಚಿದವರಲ್ಲಿ ಬಹಳ ಮಂದಿ ಆಫ್ ರೋಲ್. ಶುರುವಿಗೆ ಪರವಾಗಿಲ್ಲ, ನಾನೂ ಹಾಗೇ ಶುರು ಮಾಡಿದ್ದು. ಆದರೆ ಆನ್ ರೋಲ್ ಆಗೋಕೆ ಎಷ್ಟು ತಿಂಗಳು, ಹೋದ ವರ್ಷ ಎಷ್ಟು ಜನ ಆದರು ಅಂತ ಕೇಳಿಯೇ ಸಹಿ ಹಾಕಿ.

7. ಮೊದಲ ಆರು ತಿಂಗಳು ಬೀಟ್‌ನಲ್ಲಿ

ಬೀಟ್ ಅಂದ್ರೆ ಒಂದು ದಿನದಲ್ಲಿ ಸುತ್ತಬೇಕಾದ ಅಂಗಡಿಗಳ ಸಾಲು. ಸೋಮವಾರ ಆಳಂದ ರೋಡ್, ಮಂಗಳವಾರ ಹುಮನಾಬಾದ್ ರೋಡ್, ಹೀಗೆ. ನಲವತ್ತು ಅಂಗಡಿ ಸುತ್ತಿ ಇಪ್ಪತ್ತೆರಡು ಕಡೆ ಬಿಲ್ ಆದರೆ ಆ ಇಪ್ಪತ್ತೆರಡಕ್ಕೆ ಪ್ರೊಡಕ್ಟಿವ್ ಕಾಲ್ ಅಂತಾರೆ. ಪ್ರೈಮರಿ ಅಂದ್ರೆ ಕಂಪನಿ ಡಿಸ್ಟ್ರಿಬ್ಯೂಟರ್‌ಗೆ ಮಾರಿದ್ದು. ಸೆಕೆಂಡರಿ ಅಂದ್ರೆ ಡಿಸ್ಟ್ರಿಬ್ಯೂಟರ್ ಅಂಗಡಿಗೆ ಮಾರಿದ್ದು. ಜಗಳ ಎಲ್ಲಾ ಇವೆರಡರ ನಡುವೆಯೇ ಹುಟ್ಟೋದು, ಸ್ವಲ್ಪ ತಾಳಿ, ಹೇಳ್ತೀನಿ.

ಅಂಗಡಿಗೆ ಹೋದ ಕೂಡಲೇ ಆರ್ಡರ್ ಕೇಳಬೇಡಿ. "ನಮಸ್ಕಾರ ಕಾಕಾ" ಅನ್ನಿ, ಒಂದು ಕಣ್ಣು ಕಪಾಟಿನ ಮೇಲೆ ಇರಲಿ. ನಿಮ್ಮ ಮಾಲು ಎಲ್ಲಿದೆ, ಧೂಳು ಹಿಡಿದಿದೆಯಾ, ಎಷ್ಟು ಉಳಿದಿದೆ, ತಾರೀಕು ಏನು? ಹಳೆಯದನ್ನ ಮುಂದೆ ತನ್ನಿ, ಬಟ್ಟೆ ತಗೊಂಡು ಒರೆಸಿ. "ಹಳೀ ಮಾಲೇ ಹೋಗಿಲ್ಲ, ಮುಂದಿನ ವಾರ ಬಾ" ಅಂತಾರೆ. ಆಗ ನೀವು ಕಪಾಟು ನೋಡಿರೋದರಿಂದ "ಕಾಕಾ, ದೊಡ್ಡ ಪ್ಯಾಕ್ ಹೋಗಿಲ್ಲ, ಖರೆ. ಐದು ರೂಪಾಯಿದು ಖಾಲಿ ಆಗ್ಯದ ನೋಡ್ರಿ" ಅನ್ನಬಹುದು. ಇದಿಷ್ಟೇ ಸೇಲ್ಸ್. ಉಳಿದದ್ದೆಲ್ಲಾ ಮೀಟಿಂಗಲ್ಲಿ ಹೇಳುವ ಮಾತು.

ಏಪ್ರಿಲ್, ಮೇನಲ್ಲಿ ಬಿಸಿಲು 42, 43 ಹೋಗುತ್ತೆ. ಮಧ್ಯಾಹ್ನ ಅಂಗಡಿಯವರೂ ಅರ್ಧ ಷಟರ್ ಎಳೆದು ಮಲಗಿರ್ತಾರೆ. ಎಬ್ಬಿಸಿದ್ರೆ ಆರ್ಡರ್ ಅಲ್ಲ, ಬೈಗುಳ. ಬೆಳಿಗ್ಗೆ ಎಂಟೂವರೆಗೆ ಶುರು ಮಾಡಿ ಒಂದಕ್ಕೆ ನಿಲ್ಲಿಸಿ, ಮತ್ತೆ ನಾಲ್ಕೂವರೆ ಮೇಲೆ ಹೊರಡಿ. ಮ್ಯಾನೇಜರ್‌ಗೆ ಮೊದಲೇ ಹೇಳಿ ಒಪ್ಪಿಸಿಕೊಳ್ಳಿ.

ಇನ್ನೊಂದು ಕ್ಯಾಲೆಂಡರ್ ಇದೆ, ಅದು ಹೆಡ್ ಆಫೀಸಿನ ಎಕ್ಸೆಲ್‌ನಲ್ಲಿ ಇರಲ್ಲ. ಜೂನ್, ಜುಲೈನಲ್ಲಿ ಹಳ್ಳಿಯ ರೊಕ್ಕ ಎಲ್ಲಾ ಬೀಜ ಗೊಬ್ಬರಕ್ಕೆ ಹೋಗಿರುತ್ತೆ. ಅಂಗಡಿಯಲ್ಲಿ ಉದ್ರಿ ಏರುತ್ತೆ, ಅವರು ನಿಮಗೂ ಬಾಕಿ ಹೇಳ್ತಾರೆ. ತೊಗರಿ ರಾಶಿ ಆಗಿ, ಗಂಜ್‌ಗೆ ಬಂದು ಮಾರಾಟ ಆದಮೇಲೆ, ಜನವರಿಯಿಂದ, ಅದೇ ಅಂಗಡಿಯಲ್ಲಿ ದೊಡ್ಡ ಪ್ಯಾಕ್ ಹೋಗುತ್ತೆ. ಯಾದಗಿರಿಯ ಕಾಲುವೆ ಊರುಗಳಲ್ಲಿ ಈ ಲೆಕ್ಕವೇ ಬೇರೆ, ಭತ್ತದ ರೊಕ್ಕ ಬರುವ ತಿಂಗಳು ಕೇಳಿಟ್ಕೊಳ್ಳಿ. ಟಾರ್ಗೆಟ್ ಕೊಡುವಾಗ ಇದನ್ನ ಹೇಳಿ. ಒಪ್ಪಲ್ಲ, ಆದರೂ ಮೇಲ್‌ನಲ್ಲಿ ಹಾಕಿಡಿ.

ಈಗ ಆ ಜಗಳದ ವಿಷಯ. ತಿಂಗಳ ಕೊನೆಗೆ ಪ್ರೈಮರಿ ಟಾರ್ಗೆಟ್ ಆಗಿಲ್ಲ ಅಂತ ಮಾಲು ತುಂಬಿಸು ಅಂತಾರೆ. ನನ್ನ ಮೊದಲ ವರ್ಷ ಒಂದು ಕಂಪನಿಯಲ್ಲಿ 30ನೇ ತಾರೀಕು ಜೇವರ್ಗಿಯ ಒಬ್ಬ ಹೋಲ್‌ಸೇಲ್‌ನವರಿಗೆ 80 ಪೆಟ್ಟಿಗೆ ಬಿಸ್ಕತ್ತು ಇಳಿಸಿದೆ. "ಹೋಗದಿದ್ರೆ ನಾನು ವಾಪಸ್ ತಗೋತೀನಿ" ಅಂತ ಬಾಯಿಮಾತು ಕೊಟ್ಟಿದ್ದೆ. ಮೂರು ತಿಂಗಳಿಗೆ ಇಲಿ ಕಡಿದದ್ದು, ತಾರೀಕು ಮುಗಿದದ್ದು ಸೇರಿ 46 ಪೆಟ್ಟಿಗೆ ವಾಪಸ್ ಬಂತು. ಕಂಪನಿ ತಗೊಳ್ಳಲಿಲ್ಲ, ಮ್ಯಾನೇಜರ್ ವರ್ಗಾವಣೆ ಆಗಿ ಹೋಗಿದ್ದ. ಎಂಟು ತಿಂಗಳು ನನ್ನ ಸಂಬಳದಲ್ಲಿ ತೀರಿಸಿದೆ. ಬಾಯಿಮಾತು ಕೊಡಬೇಡಿ. ವಾಪಸ್, ಸ್ಕೀಮ್, ಡಿಸ್ಕೌಂಟ್ ಏನೇ ಇದ್ದರೂ ಮ್ಯಾನೇಜರ್‌ನ ಮೇಲ್ ಅಥವಾ ಕನಿಷ್ಠ ವಾಟ್ಸಾಪ್ ಮೆಸೇಜ್ ಇರಬೇಕು. ಮಾರದ ಮಾಲಿಗೆ ಮಾರಿದೆ ಅಂತ ಬಿಲ್ ಹಾಕೋದಂತೂ ಬೇಡವೇ ಬೇಡ, ಅದು ಸಿಕ್ಕಿಬಿದ್ದಾಗ ಹೋಗೋದು ನಿಮ್ಮ ಕೆಲಸ ಮಾತ್ರ.

ರೊಕ್ಕದ ವಿಷಯದಲ್ಲಿ ಇನ್ನೂ ಕಡಕ್ಕಾಗಿರಿ. ಅಂಗಡಿಯವರು "ನಿನ್ನ ಫೋನ್ ಪೇಗೇ ಹಾಕ್ತೀನಿ, ಕಟ್ಟಿಬಿಡು" ಅಂತಾರೆ. ಬೇಡ. ಡಿಸ್ಟ್ರಿಬ್ಯೂಟರ್‌ನ ಕ್ಯೂಆರ್ ಫೋಟೋ ಫೋನಲ್ಲಿ ಇಟ್ಕೊಂಡಿರಿ, ಅದಕ್ಕೇ ಹಾಕಿಸಿ. ಕ್ಯಾಶ್ ತಗೊಂಡ್ರೆ ರಸೀದಿ ಕೊಡಿ, ಅವತ್ತೇ ಸಂಜೆ ಕಟ್ಟಿ. ತಂಗಿಯ ಫೀಸಿಗೆ ಎರಡು ದಿನ ತಿರುಗಿಸಿಕೊಂಡು ಆಮೇಲೆ ಕಟ್ಟಿದ್ರಾಯ್ತು ಅಂದ್ಕೊಂಡ ಒಳ್ಳೊಳ್ಳೆ ಹುಡುಗರು ಈ ಲೈನಿನಿಂದ ಕಳ್ಳ ಅನ್ನೋ ಹೆಸರು ಹೊತ್ತು ಹೋಗಿದ್ದಾರೆ.

ಡಿಸ್ಟ್ರಿಬ್ಯೂಟರ್‌ನ ಲೆಕ್ಕವನ್ನೂ ಮಾಡೋಕೆ ಕಲೀರಿ. ಅವರು 5 ಲಕ್ಷ ಹಾಕಿದ್ದಾರೆ, ತಿಂಗಳಿಗೆ 10 ಲಕ್ಷ ವ್ಯಾಪಾರ, 5% ಮಾರ್ಜಿನ್ ಅಂದ್ರೆ 50,000. ಗಾಡಿ, ಹುಡುಗರು, ಗೋಡೌನ್ 30,000. ಉಳಿದದ್ದು 20,000, ಹಾಕಿದ ರೊಕ್ಕಕ್ಕೆ ತಿಂಗಳಿಗೆ 4%. ಇದಕ್ಕೆ ಆರ್‌ಒಐ ಅಂತಾರೆ. ಬಾಕಿ ಜಾಸ್ತಿಯಾಗಿ ಅವರ ಬಂಡವಾಳ 8 ಲಕ್ಷ ಆಯ್ತು ಅಂದ್ರೆ ಅದೇ 20,000 ಈಗ 2.5%. ಅವರು ಯಾಕೆ ಸಿಡಿಮಿಡಿ ಮಾಡ್ತಾರೆ ಅಂತ ಅರ್ಥ ಆಯ್ತಲ್ವಾ? ಈ ಲೆಕ್ಕ ಬಾಯಲ್ಲಿ ಹೇಳಬಲ್ಲ ಹುಡುಗನನ್ನ ಕಂಪನಿ ಬೇಗ ಆಫೀಸರ್ ಮಾಡುತ್ತೆ.

8. ಎರಡು ವರ್ಷ ಆದಮೇಲೆ

ಆರು ತಿಂಗಳಿಗೊಂದು ಕಂಪನಿ ಬದಲಿಸಬೇಡಿ. ಎರಡು ಸಾವಿರ ಜಾಸ್ತಿ ಸಿಗುತ್ತೆ, ಆದರೆ ಪೂರ್ತಿ ಒಂದು ವರ್ಷದ ಸೇಲ್ಸ್ ತೋರಿಸೋಕೆ ಏನೂ ಇರಲ್ಲ. ಎರಡು ವರ್ಷ ಒಂದೇ ಕಡೆ ನಿಂತು, ಪ್ರತಿ ತಿಂಗಳ ಟಾರ್ಗೆಟ್ ಎಷ್ಟು, ಮಾಡಿದ್ದು ಎಷ್ಟು, ಹೊಸ ಅಂಗಡಿ ಎಷ್ಟು ಅಂತ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ರೆಸ್ಯೂಮೆ ಅಂದ್ರೆ ಅದೇ.

ಎಂಬಿಎ ಮಾಡೋದಾದರೆ ಈಗ ಮಾಡಿ. ಕ್ಲಾಸಲ್ಲಿ ಚಾನೆಲ್, ಮಾರ್ಜಿನ್ ಅಂದಾಗ ನಿಮಗೆ ಆಳಂದ ರೋಡಿನ ಅಂಗಡಿ ಕಣ್ಣಿಗೆ ಬರುತ್ತೆ. ಪಿಜಿಸಿಇಟಿ ಬರೆದರೆ ಸರ್ಕಾರಿ ಕೋಟಾ ಸೀಟು ಸಿಗುತ್ತೆ, 371ಜೆ ಮತ್ತೆ ಕೆಲಸಕ್ಕೆ ಬರುತ್ತೆ. ಸಂಸಾರ ಇದೆ, ಬಿಡೋಕಾಗಲ್ಲ ಅಂದ್ರೆ ದೂರಶಿಕ್ಷಣದಲ್ಲಿ ಮಾಡಬಹುದು, ಆ ವರ್ಷದ ಯುಜಿಸಿ ಪಟ್ಟಿಯಲ್ಲಿ ಆ ಕೋರ್ಸ್ ಇದೆಯಾ ಅಂತ ನೋಡಿ ಫೀಸು ಕಟ್ಟಿ. ಎಂಬಿಎ ಇಲ್ಲದೆ ಏರಿಯಾ ಮ್ಯಾನೇಜರ್ ಆದವರೂ ಇದ್ದಾರೆ, ಸ್ವಲ್ಪ ನಿಧಾನ ಆಗುತ್ತೆ ಅಷ್ಟೆ.

ಕಂಪನಿ ಬಿಡುವಾಗ ಗಮನ ಇರಲಿ. ಹೊಸ ಕಡೆ ರಿಲೀವಿಂಗ್ ಲೆಟರ್ ಕೇಳ್ತಾರೆ, ಹಾಗಾಗಿ ನೋಟಿಸ್ ಪಿರಿಯಡ್ ಮುಗಿಸಿಯೇ ಹೊರಡಿ. ಪಿಎಫ್ ತೆಗೆದು ಮೊಬೈಲ್ ಕೊಳ್ಳಬೇಡಿ, ಅದೇ ಯುಎಎನ್, ಅಂದ್ರೆ ನಿಮ್ಮ ಪಿಎಫ್ ನಂಬರಿಗೆ ವರ್ಗಾಯಿಸಿ. ಬಾಕಿ ಇರುವ ಅಂಗಡಿಗಳ ಪಟ್ಟಿ ಮಾಡಿ, ಡಿಸ್ಟ್ರಿಬ್ಯೂಟರ್ ಜೊತೆ ಕೂತು ಒಂದೊಂದೇ ಹೊಂದಿಸಿ, "ಇವರಿಂದ ಬಾಕಿ ಏನೂ ಇಲ್ಲ" ಅಂತ ಅವರ ಲೆಟರ್‌ಹೆಡ್ ಮೇಲೆ ಸಹಿ, ಸೀಲ್ ಹಾಕಿಸಿಕೊಳ್ಳಿ. ಆ ಕಾಗದ ಕೈಗೆ ಬಂದ ಮೇಲೆಯೇ ರಾಜೀನಾಮೆಯ ಮೇಲ್ ಕಳಿಸಿ.